ಕೋಟೆ ಕಟ್ಟಿದವರೇ ಕೋಟೆಗೆ ನುಗ್ಗಿದ ಬೆಳಗಿನ ಜಾವ

1740ರ ಜೂನ್ ತಿಂಗಳು. ಈಗಿನ ಅಮೆರಿಕದ ಫ್ಲೋರಿಡಾದಲ್ಲಿ, ಉಪ್ಪುನೀರಿನ ಜೌಗು ನೆಲದ ಅಂಚಿನಲ್ಲಿ ಒಂದು ಸಣ್ಣ ಮಣ್ಣಿನ ಕೋಟೆ. ಒಳಗೆ ಬ್ರಿಟಿಷರ ಕಡೆಯ ನೂರಕ್ಕೂ ಜಾಸ್ತಿ ಜನ ಬೀಡುಬಿಟ್ಟಿದ್ದಾರೆ. ಬೆಳಕು ಹರಿಯುವ ಮೊದಲೇ ಸ್ಪೇನಿನ ಪಡೆ ಅವರ ಮೇಲೆ ಬೀಳುತ್ತದೆ. ಬೆಳಗಾಗಿ ಸ್ವಲ್ಪ ಹೊತ್ತಿಗೆಲ್ಲ ಕಾಳಗ ಮುಗಿದಿರುತ್ತದೆ.

ಬ್ರಿಟನ್ನಿಗೂ ಸ್ಪೇನಿಗೂ ಆ ಕಾಲದಲ್ಲಿ ಇಂಥ ಕಾಳಗಗಳು ಬೇಕಾದಷ್ಟು ನಡೆದಿವೆ. ಆದರೆ ಈ ಕೋಟೆಯನ್ನು ಕಟ್ಟಿದವರು ಯಾರು ಅಂತ ಕೇಳಿದರೆ ಕಥೆ ಬೇರೆಯೇ ದಾರಿ ಹಿಡಿಯುತ್ತದೆ. ಬ್ರಿಟಿಷರ ತೋಟಗಳಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಓಡಿ ಬಂದು, ಬಿಡುಗಡೆ ಪಡೆದ ಆಫ್ರಿಕದ ಜನ ಕಟ್ಟಿಕೊಂಡ ಕೋಟೆ ಅದು. ಅದರ ಸುತ್ತ ಇದ್ದದ್ದು ಅವರದೇ ಊರು, ಅವರದೇ ಹೊಲ. ಆ ಬೆಳಗಿನ ಜಾವ ಕೋಟೆಗೆ ನುಗ್ಗಿದವರಲ್ಲಿ ಅವರೂ ಇದ್ದರು.

ಊರಿನ ಪೂರ್ತಿ ಹೆಸರು ಗ್ರಾಸಿಯಾ ರಿಯಾಲ್ ದೆ ಸಾಂತಾ ತೆರೇಸಾ ದೆ ಮೊಸೇ. ಸಾಮಾನ್ಯವಾಗಿ ಫೋರ್ಟ್ ಮೊಸೇ ಅನ್ನುತ್ತಾರೆ. ನಮ್ಮ ‘ಮೋಸ’ಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಮೊಸೇ ಅನ್ನುವುದು ಅಲ್ಲಿನ ಮೂಲನಿವಾಸಿಗಳ ಕಾಲದಿಂದ ಆ ಜಾಗಕ್ಕಿದ್ದ ಹೆಸರು. ಈ ಕಾಳಗವನ್ನು ಎರಡು ಸಾಮ್ರಾಜ್ಯಗಳ ಜಗಳ ಅಂತ ಮಾತ್ರ ಓದಿದರೆ ಅರ್ಧವೂ ಅರ್ಥವಾಗುವುದಿಲ್ಲ. ಅದಕ್ಕೇ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ಮೊದಲು ನಕ್ಷೆ. ಸ್ಪೇನಿನವರು 1565ರಲ್ಲೇ ಫ್ಲೋರಿಡಾದ ಕರಾವಳಿಯಲ್ಲಿ ಸೇಂಟ್ ಆಗಸ್ಟೀನ್ ಎಂಬ ಊರು ಕಟ್ಟಿದ್ದರು. ನೂರೈದು ವರ್ಷ ಕಳೆದ ಮೇಲೆ, 1670ರಲ್ಲಿ, ಅದೇ ಕರಾವಳಿಯ ಉತ್ತರಕ್ಕೆ ಇಂಗ್ಲಿಷರು ಬಂದು ಚಾರ್ಲ್ಸ್ ಟೌನ್ ಕಟ್ಟಿದರು. ಅದೇ ಕರೊಲಿನಾ ವಸಾಹತು. ಅಲ್ಲಿನ ಐಶ್ವರ್ಯ ಬಂದಿದ್ದು ಭತ್ತದಿಂದ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಗದ್ದೆ ಕೆಲಸ ಮಾಡುವುದು ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಆ ಕೆಲಸವನ್ನೆಲ್ಲ ಆಫ್ರಿಕದಿಂದ ಹಿಡಿದು ತಂದವರಿಂದ ಮಾಡಿಸುತ್ತಿದ್ದರು. ಕೂಲಿ ಇಲ್ಲ, ಬಿಡುಗಡೆ ಇಲ್ಲ, ಹುಟ್ಟಿದ ಮಗುವೂ ಗುಲಾಮನೇ. 1708ರ ಹೊತ್ತಿಗೆ ಕರೊಲಿನಾದಲ್ಲಿ ಬಿಳಿಯರಿಗಿಂತ ಆಫ್ರಿಕದವರ ಸಂಖ್ಯೆಯೇ ಹೆಚ್ಚಾಗಿತ್ತು.

1687ರಲ್ಲಿ ಒಂದು ದೋಣಿ ಕರೊಲಿನಾದಿಂದ ದಕ್ಷಿಣಕ್ಕೆ ಹೊರಟಿತು. ಅದರಲ್ಲಿ ಎಂಟು ಗಂಡಸರು, ಇಬ್ಬರು ಹೆಂಗಸರು, ಇನ್ನೂ ಎದೆಹಾಲು ಬಿಡದ ಮೂರು ವರ್ಷದ ಒಂದು ಮಗು. ಸೇಂಟ್ ಆಗಸ್ಟೀನ್ ತಲುಪಿ, ತಮಗೆ ಕ್ಯಾಥೊಲಿಕ್ ದೀಕ್ಷೆ ಬೇಕು ಅಂದರು. ಹೀಗೆ ಓಡಿ ಬಂದವರ ಬಗ್ಗೆ ಸಿಗುವ ಮೊದಲ ದಾಖಲೆ ಇದೇ. ಮಗುವನ್ನು ಎದೆಗವಚಿಕೊಂಡು, ಗುರುತಿಲ್ಲದ ಕೊಲ್ಲಿ ಕಾಲುವೆಗಳಲ್ಲಿ ಹುಟ್ಟು ಹಾಕುತ್ತಾ ಅಷ್ಟು ದೂರ ಬಂದ ಆ ತಾಯಿಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕರೊಲಿನಾದವರು ತಮ್ಮ ‘ಆಸ್ತಿ’ಯನ್ನು ವಾಪಸ್ ಕೇಳಲು ಆಳು ಕಳಿಸಿದರು. ಸ್ಪೇನಿನ ಗವರ್ನರ್ ಕೊಡಲಿಲ್ಲ. ಗಂಡಸರಿಗೆ ಕೋಟೆ ಕಟ್ಟುವ ಕಡೆ ಕೆಲಸ ಸಿಕ್ಕಿತು, ಹೆಂಗಸರಿಗೆ ಗವರ್ನರ್ ಮನೆಯಲ್ಲಿ. ಕೆಲಸಕ್ಕೆ ಕೂಲಿಯೂ ಇತ್ತು.

ಸುದ್ದಿ ಹರಡಿತು, ಇನ್ನಷ್ಟು ಜನ ಬಂದರು. 1693ರಲ್ಲಿ ಸ್ಪೇನಿನ ರಾಜ ಎರಡನೇ ಕಾರ್ಲೋಸ್ ಒಂದು ಆಜ್ಞೆಯನ್ನೇ ಹೊರಡಿಸಿದ. ಓಡಿ ಬಂದು ಕ್ಯಾಥೊಲಿಕ್ ಆಗುವ ಗಂಡಸು ಹೆಂಗಸು ಎಲ್ಲರಿಗೂ ಬಿಡುಗಡೆ, ಅದನ್ನು ನೋಡಿ ಬೇರೆಯವರೂ ಬರಲಿ ಅನ್ನುವುದು ಅದರ ಆಶಯ.

ಇದನ್ನು ರಾಜನ ದೊಡ್ಡ ಮನಸ್ಸು ಅಂತ ಅಂದುಕೊಳ್ಳಬೇಡಿ. ಸ್ಪೇನ್ ತನ್ನ ವಸಾಹತುಗಳಲ್ಲಿ ಲಕ್ಷಾಂತರ ಜನರನ್ನು ಗುಲಾಮರಾಗಿ ಇಟ್ಟುಕೊಂಡಿತ್ತು. ಸೇಂಟ್ ಆಗಸ್ಟೀನ್ ಊರಿನಲ್ಲೂ ಗುಲಾಮರಿದ್ದರು. ಒಬ್ಬ ಗುಲಾಮ ಓಡಿ ಬಂದರೆ ಶತ್ರುವಿನ ಗದ್ದೆಯಲ್ಲಿ ಒಂದು ಜೊತೆ ಕೈ ಕಡಿಮೆಯಾಗುತ್ತದೆ, ತನ್ನ ಕಡೆ ಒಬ್ಬ ಸಿಪಾಯಿ ಜಾಸ್ತಿಯಾಗುತ್ತಾನೆ. ಜನ ಕಡಿಮೆ ಇದ್ದ, ಬಡ ಗಡಿಯೂರಿಗೆ ಇದು ಒಳ್ಳೆಯ ಲೆಕ್ಕಾಚಾರ. ಆದರೆ ಓಡಿ ಬಂದವರು ಆ ಲೆಕ್ಕಾಚಾರವನ್ನು ತಮಗೆ ಬೇಕಾದ ಹಾಗೆ ಬಳಸಿಕೊಂಡರು. ರಾಜ ಮಾತು ಕೊಟ್ಟಿದ್ದಾನೆ, ಆ ಮಾತನ್ನು ನಡೆಸಿಕೊಡಿ ಅಂತ ಪಟ್ಟು ಹಿಡಿದರು.

ಪಟ್ಟು ಹಿಡಿಯಲೇಬೇಕಿತ್ತು. ಯಾಕೆಂದರೆ ಆಜ್ಞೆ ಕಾಗದದಲ್ಲಿ ಒಂದು, ಊರಿನಲ್ಲಿ ಇನ್ನೊಂದು. ಫ್ರಾನ್ಸಿಸ್ಕೋ ಮೆನೆಂಡೆಸ್ ಎಂಬ ಮನುಷ್ಯನ ಬದುಕು ನೋಡಿದರೆ ಇದು ಗೊತ್ತಾಗುತ್ತದೆ. ಅವನು ಪಶ್ಚಿಮ ಆಫ್ರಿಕದ ಮಂಡಿಂಗಾ ಜನಾಂಗದವನು. ಗುಲಾಮನಾಗಿ ಕರೊಲಿನಾಕ್ಕೆ ಬಂದ. 1715ರಲ್ಲಿ ಅಲ್ಲಿನ ಯಮಸಿ ಮೂಲನಿವಾಸಿಗಳು ಇಂಗ್ಲಿಷರ ವಿರುದ್ಧ ತಿರುಗಿಬಿದ್ದಾಗ ಅವರ ಜೊತೆ ಸೇರಿ ವರ್ಷಗಟ್ಟಲೆ ಹೋರಾಡಿದ. ಕೊನೆಗೆ ಅವರೊಂದಿಗೇ ಸೇಂಟ್ ಆಗಸ್ಟೀನ್‌ಗೆ ಬಂದ. ರಾಜಾಜ್ಞೆಯ ಪ್ರಕಾರ ಅವನಿಗೆ ಬಿಡುಗಡೆ ಸಿಗಬೇಕಿತ್ತು. ಆದರೆ ಯಮಸಿ ಮುಖಂಡನೊಬ್ಬ ಅವನನ್ನೂ ಜೊತೆಯವರನ್ನೂ ಮಾರಿಬಿಟ್ಟ, ಸ್ಪೇನಿನವರು ಕೊಂಡುಕೊಂಡರು. ಓಡಿ ಬಂದ ಊರಿನಲ್ಲೇ ಅವನು ಮತ್ತೆ ಗುಲಾಮ.

ಅಷ್ಟಾದರೂ 1726ರಲ್ಲಿ ಅವನನ್ನು ಊರಿನ ಕಪ್ಪು ಜನರ ಪಡೆಗೆ ಕ್ಯಾಪ್ಟನ್ ಮಾಡಿದರು. ಊರಿಗೆ ಅವನ ಕತ್ತಿ ಬೇಕಿತ್ತು, ಅವನ ಬಿಡುಗಡೆ ಯಾರಿಗೂ ಬೇಕಿರಲಿಲ್ಲ. ಮೆನೆಂಡೆಸ್ ಓದು ಬರಹ ಬಲ್ಲವನು. ಗವರ್ನರ್‌ಗೆ, ಬಿಷಪ್‌ಗೆ ಅರ್ಜಿಯ ಮೇಲೆ ಅರ್ಜಿ ಬರೆದ. 1737ರಲ್ಲಿ ಮಾನ್ವೆಲ್ ದೆ ಮೊಂತಿಯಾನೋ ಎಂಬ ಹೊಸ ಗವರ್ನರ್ ಬಂದ. ಹೋರ್ಹೆ ಎಂಬ ಯಮಸಿ ನಾಯಕ ಮೆನೆಂಡೆಸ್ ಪರವಾಗಿ ಸಾಕ್ಷಿ ಹೇಳಿದ. ಇವರು ನಮ್ಮ ಜೊತೆ ನಿಂತು ಹೋರಾಡಿದವರು, ಇವರನ್ನು ಮಾರಿದ್ದು ತಪ್ಪು ಅಂದ. 1738ರ ಮಾರ್ಚ್‌ನಲ್ಲಿ ಮೊಂತಿಯಾನೋ ಓಡಿ ಬಂದವರೆಲ್ಲರಿಗೂ ಯಾವ ಷರತ್ತೂ ಇಲ್ಲದೆ ಬಿಡುಗಡೆ ಕೊಟ್ಟ. ಅಷ್ಟರಲ್ಲಿ ಮೆನೆಂಡೆಸ್ ಸುಮಾರು ಹದಿನೈದು ವರ್ಷ ಕಾದಿದ್ದ.

ಬಿಡುಗಡೆಯ ಜೊತೆ ಜಾಗವೂ ಸಿಕ್ಕಿತು. ಸೇಂಟ್ ಆಗಸ್ಟೀನ್‌ನಿಂದ ಉತ್ತರಕ್ಕೆ ಎರಡು ಮೈಲಿ. ಈಗಿನ ಅಮೆರಿಕದ ನೆಲದಲ್ಲಿ, ಸ್ವತಂತ್ರ ಕಪ್ಪು ಜನರಿಗಾಗಿ ಸರ್ಕಾರದ ಒಪ್ಪಿಗೆಯಿಂದಲೇ ನೆಲೆನಿಂತ ಮೊದಲ ಊರು ಅದು. ಮೂವತ್ತೆಂಟು ಮನೆತನ, ಹತ್ತಿರ ಹತ್ತಿರ ನೂರು ಜನ. ಹುಲ್ಲಿನ ಗುಡಿಸಲು, ಹೊಲ, ಮೀನು ಹಿಡಿಯಲು ಪಕ್ಕದಲ್ಲೇ ತೊರೆ. ಕೋಟೆಯದು ಚೌಕಾಕಾರ, ನಾಲ್ಕು ಮೂಲೆಗೂ ಒಂದೊಂದು ಕೊತ್ತಳ, ಸುತ್ತ ಮಣ್ಣಿನ ಏರಿ. ಹೊರಗೆ ಕಂದಕ, ಕಂದಕದ ಉದ್ದಕ್ಕೂ ಮುಳ್ಳುಗಿಡ. ಒಳಗೊಂದು ಬಾವಿ, ಒಂದು ಮನೆ, ದೂರ ನೋಡಲು ಒಂದು ಅಟ್ಟಣೆ. ನಮ್ಮ ಹಳ್ಳಿಗಾಡಿನ ಪಾಳೆಯಗಾರರ ಸಣ್ಣ ಕೋಟೆಗಳನ್ನು ನೋಡಿದವರಿಗೆ ಇದರ ಅಂದಾಜು ಸುಲಭವಾಗಿ ಸಿಗುತ್ತದೆ.

ಜಾಗದ ಆಯ್ಕೆಯಲ್ಲೂ ಒಂದು ಲೆಕ್ಕ ಇತ್ತು. ಇಂಗ್ಲಿಷರು ಬರುವುದೇ ಉತ್ತರದಿಂದ. ಅವರನ್ನು ಮೊದಲು ನೋಡುವವರು, ಮೊದಲು ತಡೆಯುವವರು ಮೊಸೇ ಜನ. ಸಿಕ್ಕಿಬಿದ್ದರೆ ಸ್ಪೇನಿನ ಸಿಪಾಯಿ ಯುದ್ಧಕೈದಿ ಆಗುತ್ತಾನೆ, ಮೊಸೇಯವನು ಮತ್ತೆ ಗುಲಾಮ ಆಗುತ್ತಾನೆ. ಇದು ಮೊಂತಿಯಾನೋಗೂ ಗೊತ್ತಿತ್ತು, ಅವರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಇಂಗ್ಲಿಷರ ವಿರುದ್ಧ ಕೊನೆಯ ಹನಿ ರಕ್ತ ಇರುವವರೆಗೂ ಹೋರಾಡುತ್ತೇವೆ ಅಂತ ಅವರು ರಾಜನಿಗೆ ಮಾತು ಕೊಟ್ಟಿದ್ದು ಬರೀ ಬಾಯಿಮಾತು ಆಗಿರಲು ಸಾಧ್ಯವೇ ಇಲ್ಲ, ಅಲ್ವಾ?

ಮರುವರ್ಷವೇ, 1739ರ ಸೆಪ್ಟೆಂಬರ್‌ನಲ್ಲಿ, ಕರೊಲಿನಾದ ಸ್ಟೋನೋ ನದಿಯ ಹತ್ತಿರ ಗುಲಾಮರು ಬಂಡೆದ್ದರು. ಅಂಗಡಿಯೊಂದರಿಂದ ಬಂದೂಕು ಕಿತ್ತುಕೊಂಡು, ಡೋಲು ಬಾರಿಸುತ್ತಾ ದಕ್ಷಿಣದ ದಾರಿ ಹಿಡಿದರು. ಅವರು ಹೊರಟಿದ್ದು ಸೇಂಟ್ ಆಗಸ್ಟೀನ್ ಕಡೆಗೆ. ಇಪ್ಪತ್ತಕ್ಕೂ ಹೆಚ್ಚು ಬಿಳಿಯರು ಸತ್ತರು. ಬಂಡಾಯವನ್ನು ಅಡಗಿಸುವಾಗ ಅದಕ್ಕಿಂತ ಜಾಸ್ತಿ ಗುಲಾಮರು ಸತ್ತರು. ತೋಟದ ಮಾಲೀಕರಿಗೆ ಇದರಿಂದ ಒಂದು ಮಾತು ಗಟ್ಟಿಯಾಯಿತು. ಮೊಸೇ ಇರುವವರೆಗೆ ನಮಗೆ ನೆಮ್ಮದಿ ಇಲ್ಲ.

ಅದೇ ಅಕ್ಟೋಬರ್‌ನಲ್ಲಿ ಬ್ರಿಟನ್ ಸ್ಪೇನಿನ ಮೇಲೆ ಯುದ್ಧ ಸಾರಿತು. ಜೆಂಕಿನ್ಸ್‌ನ ಕಿವಿಯ ಯುದ್ಧ ಅಂತ ಅದಕ್ಕೆ ಹೆಸರು. 1731ರಲ್ಲಿ ಸ್ಪೇನಿನ ಕಾವಲು ಹಡಗಿನವರು ಕಳ್ಳಸಾಗಣೆಯ ಅನುಮಾನದ ಮೇಲೆ ರಾಬರ್ಟ್ ಜೆಂಕಿನ್ಸ್ ಎಂಬ ಬ್ರಿಟಿಷ್ ಹಡಗಿನ ಕಪ್ತಾನನನ್ನು ತಡೆದು ಅವನ ಕಿವಿ ಕತ್ತರಿಸಿದ್ದರು. ಎಂಟು ವರ್ಷದ ನಂತರ ಆ ಕಿವಿ ನೆಪವಾಯಿತು. ನಿಜವಾದ ಜಗಳ ಕೆರಿಬಿಯನ್ ಕಡಲಿನ ವ್ಯಾಪಾರದ್ದು. ಇಷ್ಟು ತಿಳಿದರೆ ನಮ್ಮ ಕಥೆಗೆ ಸಾಕು.

ಕರೊಲಿನಾಕ್ಕೂ ಫ್ಲೋರಿಡಾಕ್ಕೂ ನಡುವೆ ಆಗ ಇನ್ನೊಂದು ಬ್ರಿಟಿಷ್ ವಸಾಹತು ಹುಟ್ಟಿತ್ತು. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಕಟ್ಟಿದ ಜಾರ್ಜಿಯಾ. ಅಲ್ಲಿ ಗುಲಾಮಗಿರಿಗೆ ನಿಷೇಧ ಇತ್ತು. ಅದಕ್ಕೆ ಒಂದು ಕಾರಣ ಫ್ಲೋರಿಡಾದ ಗಡಿ. ಗುಲಾಮರನ್ನು ತಂದರೆ ಓಡಿಹೋಗಲು ದಾರಿ ಪಕ್ಕದಲ್ಲೇ ಇದೆಯಲ್ಲ. ಜಾರ್ಜಿಯಾದ ಡೇರಿಯನ್ ಎಂಬ ಊರಿನಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಾಡಿನಿಂದ ಬಂದ ಹೈಲ್ಯಾಂಡರ್‌ಗಳು ನೆಲೆಸಿದ್ದರು. ಗುಲಾಮರನ್ನು ತರಲು ಒಪ್ಪಿಗೆ ಕೊಡಿ ಅಂತ ಜಾರ್ಜಿಯಾದ ಬೇರೆ ಕಡೆಯವರು ಒತ್ತಾಯಿಸುತ್ತಿದ್ದಾಗ, 1739ರ ಜನವರಿಯಲ್ಲಿ ಡೇರಿಯನ್‌ನ ಹದಿನೆಂಟು ಜನ ಬೇಡ ಅಂತ ಅರ್ಜಿ ಬರೆದರು. ಸ್ಪೇನಿನವರು ಹತ್ತಿರ ಇದ್ದಾರೆ, ಗುಲಾಮರನ್ನು ಕಾಯುವುದೇ ನಮಗೆ ಕೆಲಸವಾಗುತ್ತದೆ ಅನ್ನುವುದು ಒಂದು ಕಾರಣ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಜನಾಂಗವನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಶಾಶ್ವತ ಗುಲಾಮಗಿರಿಗೆ ತಳ್ಳುವುದು ಮನುಷ್ಯರು ಒಪ್ಪುವ ಮಾತಲ್ಲ ಅಂತಲೂ ಬರೆದರು. ಸಹಿ ಮಾಡಿದವರಲ್ಲಿ ಅವರ ಮುಖಂಡ ಜಾನ್ ಮೋರ್ ಮ್ಯಾಕಿಂಟಾಶ್ ಇದ್ದ.

ಒಂದೂವರೆ ವರ್ಷದ ನಂತರ ಮೊಸೇ ಕೋಟೆಯಲ್ಲಿ ಬೀಡುಬಿಟ್ಟವರಲ್ಲಿ ಇದೇ ಮ್ಯಾಕಿಂಟಾಶ್, ಇದೇ ಡೇರಿಯನ್‌ನ ಹೈಲ್ಯಾಂಡರ್‌ಗಳು ಇದ್ದರು. ಈ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಗುಲಾಮಗಿರಿ ಬೇಡ ಅಂದವರು, ಗುಲಾಮಗಿರಿಯಿಂದ ಬಿಡಿಸಿಕೊಂಡವರ ಊರನ್ನು ಹಿಡಿಯಲು ಹೋಗಿ ಸತ್ತರು.

ಇನ್ನು ಮುತ್ತಿಗೆ. ಓಗಲ್‌ಥಾರ್ಪ್ 1740ರ ಜನವರಿಯಲ್ಲೇ ಸೇಂಟ್ ಜಾನ್ಸ್ ನದಿಯ ಮೇಲಿದ್ದ ಸ್ಪೇನಿನ ಎರಡು ಸಣ್ಣ ಕೋಟೆಗಳನ್ನು ಹಿಡಿದ. ಮೇ ತಿಂಗಳಲ್ಲಿ ದೊಡ್ಡ ಪಡೆಯೊಂದಿಗೆ ಮತ್ತೆ ಬಂದ. ಜಾರ್ಜಿಯಾ, ಕರೊಲಿನಾದ ಸೈನಿಕರು, ಕ್ರೀಕ್ ಮುಂತಾದ ಮೂಲನಿವಾಸಿ ಯೋಧರು, ಕಡಲಲ್ಲಿ ಬ್ರಿಟಿಷ್ ಯುದ್ಧನೌಕೆಗಳು. ಮೊಂತಿಯಾನೋ ಮೊಸೇ ಜನರನ್ನೆಲ್ಲ ಸೇಂಟ್ ಆಗಸ್ಟೀನ್ ಒಳಗೆ ಕರೆಸಿಕೊಂಡ. ಬೆಳೆದ ಬೆಳೆ, ಕಟ್ಟಿದ ಗುಡಿಸಲು, ಎಲ್ಲ ಬಿಟ್ಟು ಅವರು ಹೊರಟರು. ಖಾಲಿ ಊರನ್ನು ಬ್ರಿಟಿಷರು ಹಿಡಿದರು.

ಸೇಂಟ್ ಆಗಸ್ಟೀನ್ ಮಾತ್ರ ಬಗ್ಗಲಿಲ್ಲ. ಅದರ ಗಟ್ಟಿತನ ಇದ್ದದ್ದು ಕಾಸ್ತಿಯೋ ದೆ ಸಾನ್ ಮಾರ್ಕೋಸ್ ಎಂಬ ಕಲ್ಲಿನ ಕೋಟೆಯಲ್ಲಿ. 1672ರಲ್ಲಿ ಶುರುವಾಗಿ 1695ರಲ್ಲಿ ಮುಗಿದ ಕೋಟೆ ಅದು. ಕಲ್ಲಿನ ಹೆಸರು ಕೊಕೀನಾ. ಕಡಲಿನ ಕಪ್ಪೆಚಿಪ್ಪುಗಳೇ ಸಾವಿರಾರು ವರ್ಷ ಒತ್ತಿ ಅಂಟಿಕೊಂಡು ಆದ ಕಲ್ಲು. ಕೈಯಲ್ಲಿ ಹಿಡಿದು ನೋಡಿದರೆ ಚಿಪ್ಪಿನ ಚೂರುಗಳು ಕಾಣುತ್ತವೆ, ನಡುನಡುವೆ ತೂತು. ಗ್ರಾನೈಟಿನ ಗೋಡೆಗೆ ಗುಂಡು ಬಿದ್ದರೆ ಕಲ್ಲು ಬಿರುಕು ಬಿಟ್ಟು ಸಿಡಿಯುತ್ತದೆ. ಕೊಕೀನಾ ಮೆತ್ತಗೆ, ತೂತು ತೂತು. ಗುಂಡು ಬಿದ್ದಲ್ಲಿ ಪುಡಿಯಾಗಿ ಒಳಗೆ ಒತ್ತಿಕೊಳ್ಳುತ್ತದೆ, ಪಕ್ಕದ ಗೋಡೆಗೆ ಏಟು ಹರಡುವುದಿಲ್ಲ. ಬ್ರಿಟಿಷರು ಎದುರಿನ ಅನಸ್ತಾಸಿಯಾ ದ್ವೀಪದಲ್ಲಿ ಫಿರಂಗಿ ಇಟ್ಟು ಹೊಡೆದರು. ಗುಂಡುಗಳು ಗೋಡೆಯಲ್ಲಿ ಹೂತುಕೊಂಡವು. ಆ ಗೋಡೆಯ ಕಲ್ಲು ತಂದದ್ದೂ ಅದೇ ಅನಸ್ತಾಸಿಯಾ ದ್ವೀಪದಿಂದ. ಬಂದರಿನ ಬಾಯಿಯಲ್ಲಿ ನೀರು ಆಳ ಇರಲಿಲ್ಲ. ದೊಡ್ಡ ಯುದ್ಧನೌಕೆಗಳು ಒಳಗೆ ಬರುವಂತಿಲ್ಲ. ಸ್ಪೇನಿನ ಕೈಯಲ್ಲಿದ್ದ ಕ್ಯೂಬಾದ ಹವಾನಾದಿಂದ ಬಂದಿದ್ದ ಆರು ಚಿಕ್ಕ ಹುಟ್ಟಿನ ಹಡಗುಗಳು ಒಳಗೆ ಓಡಾಡಿಕೊಂಡು ಕಾವಲಿದ್ದವು.

ಹೀಗೆ ಹೊಡೆದು ಕೆಡಹುವುದು ಆಗದಿದ್ದಾಗ, ಹಸಿವಿನಿಂದ ಮಣಿಸುವುದೇ ಓಗಲ್‌ಥಾರ್ಪ್‌ಗೆ ಉಳಿದ ದಾರಿ. ಉತ್ತರದ ಕಡೆಯಿಂದ ಊರಿಗೆ ದನ, ಧಾನ್ಯ ಹೋಗದಂತೆ ಕಾಯಲು ಕರ್ನಲ್ ಜಾನ್ ಪಾಮರ್‌ನ ಕೈಕೆಳಗೆ ಸುಮಾರು 140 ಜನರನ್ನು ಬಿಟ್ಟ. ಹೈಲ್ಯಾಂಡರ್‌ಗಳು, ಕುದುರೆ ಸವಾರರಾದ ರೇಂಜರ್‌ಗಳು, ಮೂಲನಿವಾಸಿ ಯೋಧರು. ಒಂದೇ ಕಡೆ ಇರಬೇಡಿ, ಜಾಗ ಬದಲಿಸುತ್ತಾ ಇರಿ ಅನ್ನುವುದು ಅವನ ಆಜ್ಞೆ. ಆದರೆ ಅವರು ಮೊಸೇಯಲ್ಲೇ ಬೀಡುಬಿಟ್ಟರು. ಕೋಟೆಯ ಬಾಗಿಲನ್ನೂ ಗೋಡೆಯನ್ನೂ ಬ್ರಿಟಿಷರೇ ಮೊದಲು ಒಡೆದು ಹಾಕಿದ್ದರು. ಹಾಗಾಗಿ ಅವರು ನೆಲೆ ನಿಂತದ್ದು ತಾವೇ ಮುರಿದ ಕೋಟೆಯೊಳಗೆ. ಪಾಮರ್ ಗಡಿ ಯುದ್ಧಗಳಲ್ಲಿ ಪಳಗಿದವನು. 1728ರಲ್ಲಿ ಸೇಂಟ್ ಆಗಸ್ಟೀನ್‌ನ ಅಂಚಿನ ತನಕ ದಾಳಿ ಮಾಡಿ ಹೋಗಿದ್ದ. ಅಪಾಯ ಇದೆ ಅಂತ ಅವನಿಗೆ ಅನ್ನಿಸಿತ್ತು. ದಿನಾ ನಸುಕಿನಲ್ಲೇ ಜನರನ್ನು ಎಬ್ಬಿಸುತ್ತಿದ್ದ. ಆದರೆ ಅವನ ಮಾತನ್ನು ಎಲ್ಲರೂ ಕೇಳುತ್ತಿರಲಿಲ್ಲ. ಬೇರೆ ಬೇರೆ ಕಡೆಯಿಂದ ಬಂದ ಪಡೆಗಳು, ಯಾರು ಯಾರಿಗೆ ಆಜ್ಞೆ ಕೊಡಬೇಕು ಅನ್ನುವುದರಲ್ಲೇ ಜಗಳ. ಎಬ್ಬಿಸಿದವರು ಮತ್ತೆ ಹೋಗಿ ಮಲಗುತ್ತಿದ್ದರು.

ಊರೊಳಗಿದ್ದ ಮೊಂತಿಯಾನೋಗೆ ಇದು ಸರಿಯಾದ ಹೊತ್ತು ಅನ್ನಿಸಿತು. ಕ್ಯಾಪ್ಟನ್ ಅಂತೋನಿಯೋ ಸಾಲ್ಗಾಡೋನ ಕೈಕೆಳಗೆ 300 ಜನರನ್ನು ಕತ್ತಲಲ್ಲಿ ಕಳಿಸಿದ. ಸ್ಪೇನಿನ ಸೈನಿಕರು, ಮೂಲನಿವಾಸಿ ಯೋಧರು, ಮೊಸೇಯ ಕಪ್ಪು ಪಡೆ. ಜೌಗಿನಲ್ಲಿ ಕಾಲು ಎಲ್ಲಿ ಹೂಳುತ್ತದೆ, ತೊರೆ ಎಲ್ಲಿ ದಾಟಬಹುದು ಅನ್ನುವುದು ಆ ಪಡೆಯಲ್ಲಿ ಮೊಸೇಯವರಿಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತಿದ್ದೀತು? ಬಾವಿ ತೋಡಿದ್ದು ಅವರೇ, ಕಂದಕ ಅಗೆದದ್ದೂ ಅವರೇ.

ನಸುಕಿನಲ್ಲಿ ಮೇಲೆ ಬಿದ್ದರು. ಒಡೆದ ಬಾಗಿಲಿನಿಂದ ಒಳಗೆ ನುಗ್ಗಿದ ಮೇಲೆ ಬಂದೂಕಿಗೆ ಮತ್ತೆ ಮದ್ದು ತುಂಬಲು ಪುರುಸೊತ್ತೇ ಇಲ್ಲ. ಕತ್ತಿ, ಬಂದೂಕಿನ ಹಿಡಿ, ಬರಿಗೈ. ಹೈಲ್ಯಾಂಡರ್‌ಗಳು ತಮ್ಮ ಅಗಲ ಕತ್ತಿ ಹಿಡಿದು ಗಟ್ಟಿಯಾಗಿ ನಿಂತು ಹೋರಾಡಿದರು, ಅದನ್ನು ಹೇಳದೆ ಇರಬಾರದು. ಪಾಮರ್ ಅಲ್ಲೇ ಬಿದ್ದ. ಕೆಲವರು ಗೋಡೆ ಹಾರಿ ನೀರಿನ ಕಡೆ ಓಡಿ ಜೀವ ಉಳಿಸಿಕೊಂಡರು. ಸ್ಪೇನಿನ ಲೆಕ್ಕದಲ್ಲಿ ಬ್ರಿಟಿಷರ ಕಡೆ 68 ಜನ ಸತ್ತರು, 34 ಜನ ಸೆರೆ ಸಿಕ್ಕರು. ಸ್ಪೇನಿನ ಕಡೆ ಸತ್ತವರು 10. ಸೆರೆ ಸಿಕ್ಕವರಲ್ಲಿ ಮ್ಯಾಕಿಂಟಾಶ್ ಇದ್ದ. ಅವನನ್ನು ಸ್ಪೇನಿಗೆ ಸಾಗಿಸಿ ಸೆರೆಮನೆಯಲ್ಲಿಟ್ಟರು.

ಈ ದಿನದ ತಾರೀಖು ಒಂದು ಕಡೆ ಜೂನ್ 15, ಇನ್ನೊಂದು ಕಡೆ ಜೂನ್ 26 ಅಂತ ಕಾಣುತ್ತದೆ. ಎರಡೂ ಸರಿ. ಸ್ಪೇನ್ ಆಗಲೇ ಹೊಸ ಕ್ಯಾಲೆಂಡರ್ ಬಳಸುತ್ತಿತ್ತು, ಬ್ರಿಟನ್ 1752ರವರೆಗೂ ಹಳೆಯದರಲ್ಲೇ ಇತ್ತು. ನಡುವೆ ಹನ್ನೊಂದು ದಿನದ ಅಂತರ.

ಮುತ್ತಿಗೆಯ ಬೆನ್ನು ಮುರಿದದ್ದು ಈ ಬೆಳಗು. ಉತ್ತರದ ಕಾವಲು ಹೋಯಿತು, ಪಡೆಯ ಧೈರ್ಯವೂ ಹೋಯಿತು. ಜುಲೈನಲ್ಲಿ ಹವಾನಾದಿಂದ ದವಸ ಧಾನ್ಯದ ಹಡಗುಗಳು ಬ್ರಿಟಿಷರ ಕಣ್ಣು ತಪ್ಪಿಸಿ ದಕ್ಷಿಣದ ದಾರಿಯಿಂದ ಬಂದವು. ಚಂಡಮಾರುತದ ಕಾಲ ಬಂತು, ಇನ್ನು ನಿಲ್ಲುವುದಿಲ್ಲ ಅಂತ ಬ್ರಿಟಿಷ್ ನೌಕಾಪಡೆ ಹೊರಟಿತು. ಸುಮಾರು ಐದು ವಾರಗಳ ಮುತ್ತಿಗೆ ಬಿಟ್ಟು ಓಗಲ್‌ಥಾರ್ಪ್ ಹಿಂದಿರುಗಿದ. ಸೋತದ್ದು ಯಾಕೆ ಅಂತ ದಕ್ಷಿಣ ಕರೊಲಿನಾದ ಶಾಸನಸಭೆ ವಿಚಾರಣೆ ಮಾಡಿ, ತಪ್ಪನ್ನೆಲ್ಲ ಅವನ ಮೇಲೆ ಹೊರಿಸಿತು. 1742ರಲ್ಲಿ ಮೊಂತಿಯಾನೋ ಸೇಡಿಗೆ ಜಾರ್ಜಿಯಾದ ಮೇಲೆ ದಂಡೆತ್ತಿ ಹೋದ. ಅಲ್ಲಿ ಓಗಲ್‌ಥಾರ್ಪ್ ಅವನನ್ನು ಸೋಲಿಸಿ ಕಳಿಸಿದ. ಗಡಿ ಇದ್ದಲ್ಲೇ ಉಳಿಯಿತು.

ಮೊಸೇ ಜನರ ಕಥೆ ಮಾತ್ರ ಗೆಲುವಿನಲ್ಲಿ ಮುಗಿಯಲಿಲ್ಲ. ಊರು ಹಾಳಾಗಿತ್ತು. ಅವರು ಸೇಂಟ್ ಆಗಸ್ಟೀನ್‌ನಲ್ಲೇ ಉಳಿದರು. ಮೆನೆಂಡೆಸ್ ತನ್ನ ಸೇವೆಗೆ ಸಂಬಳ ಕೊಡಿ ಅಂತ ರಾಜನಿಗೆ ತಾನೇ ಅರ್ಜಿ ಬರೆದ, ಕೆಳಗೆ ಸುಂದರವಾಗಿ ಸಹಿ ಮಾಡಿದ. ಗವರ್ನರ್ ಅವನ ಧೈರ್ಯವನ್ನು ಹೊಗಳಿ ಶಿಫಾರಸು ಬರೆದ. ಹಣ ಬರಲಿಲ್ಲ. ಮೆನೆಂಡೆಸ್ ಸ್ಪೇನಿನ ಪರವಾಗಿ ಶತ್ರು ಹಡಗು ಹಿಡಿಯುವ ಹಡಗೊಂದನ್ನು ಹತ್ತಿದ. 1741ರಲ್ಲಿ ರಿವೆಂಜ್ ಎಂಬ ಬ್ರಿಟಿಷ್ ಹಡಗಿಗೆ ಸೆರೆ ಸಿಕ್ಕ. ಅವನು ಮೊಸೇಯ ಕ್ಯಾಪ್ಟನ್ ಅಂತ ಗೊತ್ತಾದ ಕೂಡಲೇ ಫಿರಂಗಿಗೆ ಕಟ್ಟಿಹಾಕಿ 200 ಛಡಿಯೇಟು ಹೊಡೆದರು. ಆಮೇಲೆ ಬಹಾಮಾಸ್‌ಗೆ ಒಯ್ದು ಗುಲಾಮನಾಗಿ ಮಾರಿದರು.

ಅಲ್ಲಿಗೆ ಅವನು ಮುಗಿದ ಅಂತ ಅನ್ನಿಸುತ್ತದೆ. ಆದರೆ 1759ರ ಜನಗಣತಿಯಲ್ಲಿ ಮತ್ತೆ ಅವನ ಹೆಸರಿದೆ, ಮೊಸೇಯ ಮುಖಂಡ ಅಂತ! 1752ರಲ್ಲಿ ಹತ್ತಿರದಲ್ಲೇ ಎರಡನೇ ಮೊಸೇ ಕಟ್ಟಿಸಿದ್ದರು. ಜನ ಹೋಗಲು ಒಪ್ಪಿರಲಿಲ್ಲ. ಮತ್ತೆ ದಾಳಿ ಆದರೆ ಅಂತ ಹೆದರಿಕೆ, ಊರೊಳಗೆ ಕಟ್ಟಿಕೊಂಡ ಬದುಕು ಬಿಡಲು ಬೇಸರ. ಆಗಿನ ಗವರ್ನರ್ ಬಲವಂತವಾಗಿಯೇ ಕಳಿಸಿದ್ದ. 1759ರಲ್ಲಿ ಅಲ್ಲಿ 67 ಜನ ಇದ್ದರು.

1763ರ ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನ್ ಫ್ಲೋರಿಡಾವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು. ಬ್ರಿಟಿಷರು ಹಿಂದಿನ ವರ್ಷ ಹಿಡಿದಿದ್ದ ಹವಾನಾ ಅದಕ್ಕೆ ಬದಲಾಗಿ ವಾಪಸ್ ಬಂತು. ಬ್ರಿಟಿಷರ ಕೈಕೆಳಗೆ ಮೊಸೇ ಜನರ ಗತಿ ಏನು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಸೇಂಟ್ ಆಗಸ್ಟೀನ್‌ನ ಸ್ಪೇನಿನವರ ಜೊತೆ ಅವರೂ ಹಡಗು ಹತ್ತಿ ಕ್ಯೂಬಾಕ್ಕೆ ಹೋದರು. ಮೆನೆಂಡೆಸ್ ಕೂಡ ಹೋದ.

ಇವತ್ತು ಮೊದಲ ಮೊಸೇ ಇದ್ದ ಜಾಗದ ಮೇಲೆ ಉಬ್ಬರದ ನೀರು ಆಡುತ್ತದೆ. 1980ರ ದಶಕದಲ್ಲಿ ಪುರಾತತ್ವಜ್ಞೆ ಕ್ಯಾಥ್ಲೀನ್ ಡೀಗನ್ ಅವರ ತಂಡ ಎರಡನೇ ಮೊಸೇಯನ್ನು ಅಗೆದು ನೋಡಿತು. ಇತಿಹಾಸಕಾರ್ತಿ ಜೇನ್ ಲ್ಯಾಂಡರ್ಸ್ ಹಳೆಯ ಸ್ಪ್ಯಾನಿಷ್ ಕಡತಗಳಲ್ಲಿ ಆ ಜನರ ಹೆಸರುಗಳನ್ನು, ಮದುವೆ, ದೀಕ್ಷೆಗಳನ್ನು ಹುಡುಕಿ ತೆಗೆದರು. ಮಣ್ಣಿನಲ್ಲಿ ಬಂದೂಕಿನ ಗುಂಡು, ಅಂಗಿಯ ಗುಂಡಿ, ಮೊಳೆ, ತಂಬಾಕು ಸೇದುವ ಕೊಳವೆಯ ಚೂರು ಸಿಕ್ಕವು. ಕೈಯಲ್ಲೇ ಮಾಡಿದ ಒಂದು ಸಣ್ಣ ಬೆಳ್ಳಿ ಪದಕವೂ ಸಿಕ್ಕಿತು. ಅದರ ಮೇಲಿರುವುದು ಸಂತ ಕ್ರಿಸ್ಟೋಫರ್. ಪ್ರಯಾಣ ಹೊರಟವರನ್ನು ಕಾಯುವ ಸಂತ ಅವನು. ಹವಾನಾ ಊರಿನ ಪಾಲಕನೂ ಅವನೇ. ಅವನ ಚಿತ್ರ ಸಾಮಾನ್ಯವಾಗಿ ಒಂದೇ ಥರ ಇರುತ್ತದೆ: ಹೆಗಲ ಮೇಲೆ ಒಂದು ಮಗು, ಮೊಣಕಾಲವರೆಗೆ ನೀರು, ಮಗುವನ್ನು ಆಚೆ ದಡಕ್ಕೆ ದಾಟಿಸುತ್ತಿರುವ ಮನುಷ್ಯ.